ಬಿಚ್ಚುವ ಮೊದಲು ಮುಚ್ಚಳ ನೋಡು

ಅಳಿಯಾ, ನಿನ್ನೆ ರಾತ್ರಿ ನೀನು ಫೋನಿನಲ್ಲಿ ಹೇಳಿದ್ದನ್ನೇ ಮೆಲುಕು ಹಾಕುತ್ತಿದ್ದೆ. ಹೊಂಡದ ದಡದ ಆಯಿಲ್ ಇಂಜಿನ್ ಒಂದೇ ಹ್ಯಾಂಡಲಿಗೆ ಸ್ಟಾರ್ಟ್ ಆಗುತ್ತದೆ, ಹತ್ತು ನಿಮಿಷ ಚೆನ್ನಾಗಿ ಓಡುತ್ತದೆ, ಆಮೇಲೆ ದಮ್ಮು ಕಟ್ಟಿದವರ ಹಾಗೆ ಸೊರಗುತ್ತದೆ. ನೋಡಲು ಬಂದವನು ‘ಬೋರು, ಪಿಸ್ಟನ್ನು, ರಿಂಗು ಎಲ್ಲ ಹೋಗಿದೆ’ ಅಂದನಂತೆ. ಗುಜರಿಗೆ ಹಾಕಿಬಿಡಲಾ ಮಾವ ಅಂತ ಕೇಳಿದೆ. ಹಾಕಬೇಡ. ಇವತ್ತು ಸ್ಪ್ಯಾನರನ್ನೂ ಮುಟ್ಟಬೇಡ. ಮೊದಲು ನಾನು ಹೇಳುವುದನ್ನು ಕೇಳು.

ಅದು ನಿಮ್ಮಪ್ಪ ತಂದ ಇಂಜಿನ್. ಐದು ಎಚ್‌ಪಿ, ನಿಮಿಷಕ್ಕೆ 1500 ಸುತ್ತು. 2004ರಲ್ಲಿ ಆಂಧ್ರದಲ್ಲಿ ರೈತರ ಪಂಪ್‌ಸೆಟ್ಟಿಗೆ ಉಚಿತ ಕರೆಂಟು ಬಂದ ಮೇಲೆ ನಿಮ್ಮ ರಾಯದುರ್ಗದ ಕಡೆಯೂ ನಮ್ಮ ಮಡಕಶಿರದ ಕಡೆಯೂ ಇಂಥವು ಗೋಣಿಚೀಲ ಹೊದ್ದು ಕೊಟ್ಟಿಗೆಯ ಮೂಲೆ ಸೇರಿದವು. 2016ರ ಆಗಸ್ಟಿನಲ್ಲಿ ಮಳೆ ಕೈಕೊಟ್ಟು ಕಡಲೆಕಾಯಿ ಬಾಡತೊಡಗಿದಾಗ, ಸರ್ಕಾರ ರೈನ್‌ಗನ್ನು, ಪೈಪು, ಆಯಿಲ್ ಇಂಜಿನ್ ಹೊರಿಸಿ ಅನಂತಪುರ ಜಿಲ್ಲೆಯ ಹೊಲಗಳಿಗೆ ಕಳಿಸಿತಲ್ಲ, ಆಗ ಎಲ್ಲರಿಗೂ ಮತ್ತೆ ಇವುಗಳ ನೆನಪಾಯಿತು. ವರ್ಷಕ್ಕೆ 550 ಮಿಲಿಮೀಟರ್ ಆಸುಪಾಸಿನ ಮಳೆ ನಮ್ಮದು. ಅದೂ ಬೇಕಾದಾಗ ಬರುವುದಿಲ್ಲ. ನೀವು ಶೇಂಗಾ ಅನ್ನಿ, ನಾವು ಕಡಲೆಕಾಯಿ ಅನ್ನೋಣ, ಕಾಯಿ ಕಟ್ಟುವ ಹೊತ್ತಿಗೆ ಹೊಂಡದಿಂದ ಒಂದು ತಣಿವು ನೀರು ಕೊಡುವುದಕ್ಕೆ ಕರೆಂಟಿನ ಕಂಬ ಇಲ್ಲದ ಹೊಲದಲ್ಲಿ ಇದೇ ಗತಿ.

ಇಂಜಿನ್ ಸೊರಗಿದರೆ ಮೊದಲು ಕಿವಿಗೊಟ್ಟು ಕೇಳು. ನೀರು ಕಮ್ಮಿಯಾದರೂ ಸದ್ದು ಹಗುರವಾಗಿ, ಆರಾಮಾಗಿ ಓಡುತ್ತಿದ್ದರೆ ತಪ್ಪು ಇಂಜಿನ್ನಿನದಲ್ಲ, ಪಂಪಿನದು. ಫುಟ್‌ವಾಲ್ವಿಗೆ ಪಾಚಿ ಕಟ್ಟಿರಬಹುದು, ಸಕ್ಷನ್ ಪೈಪಿನ ಜಾಯಿಂಟು ಗಾಳಿ ಎಳೆಯುತ್ತಿರಬಹುದು, ಇಲ್ಲವೇ ಹೊಂಡದ ನೀರೇ ಕೆಳಗಿಳಿದಿರಬಹುದು. ಸದ್ದು ಕುಗ್ಗಿ, ಏರು ಹತ್ತುವ ಲಾರಿಯ ಹಾಗೆ ಏದುಸಿರು ಬಿಟ್ಟರೆ ಮಾತ್ರ ಇಂಜಿನ್ನಿನ ಕಡೆ ತಿರುಗು. ಆಗಲೂ ಒಮ್ಮೆ ನಿಲ್ಲಿಸಿ ಪಂಪಿನ ಶಾಫ್ಟನ್ನು ಕೈಯಲ್ಲಿ ತಿರುಗಿಸಿ ನೋಡು. ಗ್ಲಾಂಡು ಬಿಗಿಯಾಗಿ ಹಿಡಿದಿದ್ದರೆ ಪಾಪ ಇಂಜಿನ್ ಏನು ಮಾಡೀತು? ಮಲ್ಪೆಯಲ್ಲಿ ದೋಣಿಯ ಹಿಂದೆ ಕಟ್ಟುವ ಔಟ್‌ಬೋರ್ಡ್ ಇಂಜಿನ್ ನಡೆಸುವವರನ್ನು ನೋಡಿದ್ದೇನೆ. ದೋಣಿಯ ಓಟ ಕುಂದಿದರೆ ಅವರು ಮೊದಲು ಇಂಜಿನ್ ನಿಲ್ಲಿಸಿ ಮೇಲಕ್ಕೆತ್ತಿ, ನೀರೊಳಗಿನ ಫ್ಯಾನಿಗೆ ಬಲೆಯ ತುಂಡೋ ಹಗ್ಗವೋ ಸುತ್ತಿಕೊಂಡಿದೆಯಾ ಅಂತ ನೋಡುತ್ತಾರೆ. ಕಡಲಾದರೇನು, ನಮ್ಮ ಬರಡು ನೆಲವಾದರೇನು, ಬುದ್ಧಿ ಒಂದೇ.

ಎರಡನೆಯದು, ಡೀಸೆಲ್ ಟ್ಯಾಂಕಿನ ಮುಚ್ಚಳ. ನಗಬೇಡ. ಆ ಮುಚ್ಚಳದಲ್ಲಿ ಸೂಜಿಮೊನೆಯಷ್ಟು ತೂತು ಇರುತ್ತದೆ. ಡೀಸೆಲ್ ಇಳಿದಷ್ಟೂ ಗಾಳಿ ಒಳಗೆ ಹೋಗಬೇಕಾದ ದಾರಿ ಅದು. ಒಂದು ವರ್ಷ ನನ್ನ ಇಂಜಿನ್ನೂ ನಿನ್ನದರ ಹಾಗೇ ಹತ್ತು ನಿಮಿಷಕ್ಕೆ ಸೊರಗುತ್ತಿತ್ತು. ಅವಸರ ಮಾಡಿ ಹೆಡ್ಡು ಬಿಚ್ಚಿಸಿದೆ, ವಾಲ್ವು ಉಜ್ಜಿಸಿದೆ, ಹೊಸ ಗ್ಯಾಸ್ಕೆಟ್ ಹಾಕಿಸಿದೆ. ಮರುದಿನ ಮತ್ತೆ ಅದೇ ಕತೆ. ಬೇಸತ್ತು ಡೀಸೆಲ್ ಎಷ್ಟಿದೆ ನೋಡೋಣ ಅಂತ ಮುಚ್ಚಳ ತಿರುಗಿಸಿದರೆ ‘ಉಸ್’ ಅಂತ ಗಾಳಿ ಎಳೆದುಕೊಂಡಿತು. ಇಂಜಿನ್ ತಲೆ ಎತ್ತಿ ಓಡತೊಡಗಿತು! ಮುಚ್ಚಳ ತಿರುವಿ ನೋಡಿದೆ. ಕಣಜವೊಂದು ಆ ತೂತಿಗೆ ಮಣ್ಣು ಮೆತ್ತಿ ಗೂಡು ಕಟ್ಟಿತ್ತು. ಪೊರಕೆಕಡ್ಡಿಯಲ್ಲಿ ಮುಗಿಯುವ ಕೆಲಸಕ್ಕೆ ನಾನು ಒಂದು ಚೀಲ ಕಡಲೆಕಾಯಿಯ ದುಡ್ಡು ಸುರಿದಿದ್ದೆ. ತಪ್ಪು ಬಿಚ್ಚಿದವನದಲ್ಲ, ಬಿಚ್ಚು ಅಂದವನದು.

ತೂತು ಸರಿಯಿದ್ದರೆ ಟ್ಯಾಂಕಿನ ಅಡಿಯಿಂದ ಒಂದು ಲೋಟ ಡೀಸೆಲ್ ಗಾಜಿನ ಬಾಟಲಿಗೆ ಬಸಿದು ನಿಲ್ಲಿಸು. ನೀರಿದ್ದರೆ ತಳದಲ್ಲಿ ಬೇರೆಯಾಗಿ ಕೂರುತ್ತದೆ. ಫಿಲ್ಟರ್ ಎಷ್ಟು ದಿನದ್ದು ಅಂತ ನೆನಪಿಲ್ಲದಿದ್ದರೆ ಹೊಸದು ಹಾಕು. ಹಾಕಿದ ಮೇಲೆ ಫಿಲ್ಟರಿನ ಏರ್ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಂತು ಬರೀ ಡೀಸೆಲ್ ಬರುವವರೆಗೆ ಬಿಟ್ಟು ಬಿಗಿ ಮಾಡು. ಪೈಪಿನಲ್ಲಿ ಗಾಳಿ ಸಿಕ್ಕಿಕೊಂಡರೆ ಇಂಜಿನ್ ಕುಂಟುತ್ತದೆ.

ಮೂರನೆಯದು ಏರ್ ಕ್ಲೀನರ್. ಆಷಾಢದ ಗಾಳಿ ಎದ್ದರೆ ನಮ್ಮ ಕೆಂಪು ಮಣ್ಣು ಊಟದ ತಟ್ಟೆಯನ್ನೂ ಬಿಡುವುದಿಲ್ಲ, ಇಂಜಿನ್ನನ್ನು ಬಿಟ್ಟೀತೇ? ಎಣ್ಣೆ ಬಟ್ಟಲಿನ ಕ್ಲೀನರ್ ಆದರೆ ಆ ಎಣ್ಣೆ ರಾಗಿ ಅಂಬಲಿಯ ಹಾಗೆ ಗಟ್ಟಿಯಾಗಿರುತ್ತದೆ. ಚೆಲ್ಲಿ, ಜಾಳಿಗೆಯನ್ನು ಡೀಸೆಲ್ಲಿನಲ್ಲಿ ತೊಳೆದು, ಗುರುತಿನವರೆಗೆ ಹೊಸ ಎಣ್ಣೆ ಹಾಕು. ಕ್ಲೀನರ್ ಕಿತ್ತಿಟ್ಟರೆ ಜೋರಾಗಿ ಓಡುತ್ತದೆ ಅಂತ ಯಾರಾದರೂ ಹೇಳಿದರೆ ಕೇಳಬೇಡ. ಆ ಧೂಳು ಒಂದೇ ಹಂಗಾಮಿನಲ್ಲಿ ಬೋರನ್ನು ಅರೆದುಬಿಡುತ್ತದೆ.

ಇಷ್ಟಾದರೂ ಸರಿಹೋಗದಿದ್ದರೆ ಹೊಗೆಯ ಬಣ್ಣ ನೋಡು. ಕಪ್ಪು ಹೊಗೆಯೆಂದರೆ ಗಾಳಿ ಸಾಲದು, ಲೋಡು ಜಾಸ್ತಿ, ಇಲ್ಲವೇ ನಾಜಲ್ ಸರಿಯಾಗಿ ಸಿಂಪಡಿಸುತ್ತಿಲ್ಲ. ಬಿಸಿಯಾದ ಮೇಲೂ ಬಿಳಿ ಹೊಗೆ ಬಂದರೆ ಡೀಸೆಲ್ ಪೂರ್ತಿ ಉರಿಯುತ್ತಿಲ್ಲ, ಇಲ್ಲವೇ ನೀರು ಸೇರಿದೆ. ನೀಲಿ ಬಂದರೆ ಇಂಜಿನ್ ಆಯಿಲ್ ಉರಿಯುತ್ತಿದೆ. ರಿಂಗಿನ ಮಾತು ಎತ್ತಬೇಕಾದದ್ದು ಆಗ. ಅದನ್ನೂ ಹ್ಯಾಂಡಲಿನಲ್ಲೇ ಪರೀಕ್ಷೆ ಮಾಡು. ಇಂಜಿನ್ ನಿಂತಿರುವಾಗ, ಡೀಸೆಲ್ ಬಂದ್ ಮಾಡಿ, ಡಿಕಂಪ್ರೆಷನ್ ಲಿವರ್ ಎತ್ತದೆ ನಿಧಾನವಾಗಿ ತಿರುಗಿಸು. ಮೇಲೆ ಬರುವಾಗ ಕೈಗೆ ಎದುರು ನೂಕಿದರೆ ಕಂಪ್ರೆಷನ್ ಇದೆ. ಬೆಣ್ಣೆಯಲ್ಲಿ ಕೈ ಆಡಿಸಿದ ಹಾಗೆ ಸುತ್ತಿದರೆ ಟ್ಯಾಪೆಟ್ಟು, ಗ್ಯಾಸ್ಕೆಟ್ಟು, ರಿಂಗು, ಈ ಕ್ರಮದಲ್ಲಿ ನೋಡಿಸು. ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳು ಬೇರೆ ಬೆರಳುಗಳ ಕಡೆಯೇ ಇರಲಿ. ಹಿಂದಕ್ಕೆ ಒದ್ದರೆ ಮೂಳೆ ಮುರಿಯುತ್ತದೆ.

ಕೆಲವನ್ನು ಮಾತ್ರ ಯಾವತ್ತೂ ಮಾಡಬೇಡ. ದಮ್ಮಿಲ್ಲ ಅಂತ ಗವರ್ನರಿನ ಸೀಲು ಮುರಿದು ಡೀಸೆಲ್ ಹೆಚ್ಚಿಸಬೇಡ. ಹೊಗೆ ಹೆಚ್ಚುತ್ತದೆ, ನೀರು ಹೆಚ್ಚುವುದಿಲ್ಲ. ನಾಜಲ್ ಪರೀಕ್ಷೆ ಮಾಡುವಾಗ ಅದರ ಮುಂದೆ ಕೈಯೊಡ್ಡಬೇಡ. ಆ ಸಣ್ಣ ತುಂತುರು ಚರ್ಮ ಸೀಳಿ ಒಳಗೆ ಇಳಿಯುತ್ತದೆ. ನೀರು ಆಳದಲ್ಲಿದೆ ಅಂತ ಇಂಜಿನ್ನನ್ನು ಬಾವಿಯೊಳಕ್ಕೆ ಇಳಿಸಿ ಓಡಿಸಬೇಡ. ಅದರ ಹೊಗೆ ಬಾವಿಯಲ್ಲೇ ನಿಂತು, ಇಳಿದವನನ್ನು ಸದ್ದಿಲ್ಲದೆ ಕೊಲ್ಲುತ್ತದೆ. ಕಾಪಾಡಲು ಹೋದವನನ್ನೂ ಬಿಡುವುದಿಲ್ಲ.

ಒಂದು ಸಲಕ್ಕೆ ಒಂದನ್ನೇ ಸರಿ ಮಾಡು, ಓಡಿಸಿ ನೋಡು, ಕೊಟ್ಟಿಗೆಯ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ತಾರೀಖು ಹಾಕಿ ಬರೆದಿಡು. ನಾಲ್ಕನ್ನೂ ಒಟ್ಟಿಗೆ ಬಿಚ್ಚಿದರೆ ಯಾವುದರಿಂದ ಸರಿಹೋಯಿತು ಅಂತ ನಿನಗೂ ಗೊತ್ತಾಗುವುದಿಲ್ಲ, ಮುಂದಿನ ಸಲ ಮತ್ತೆ ಮೊದಲಿನಿಂದಲೇ. ತುಂಬು ಲೋಡಿನಲ್ಲಿ ಈ ಇಂಜಿನ್ನಿಗೆ ಗಂಟೆಗೆ ಸುಮಾರು ಒಂದು ಲೀಟರ್ ಡೀಸೆಲ್ ಬೇಕು. ಅದನ್ನೂ ಬರೆದಿಡು; ಲೆಕ್ಕ ಏರಿದರೆ ರೋಗ ಶುರುವಾಯಿತು ಅಂತಲೇ ಅರ್ಥ.

ಈಗ ನೀನು ಮಾಡಬೇಕಾದದ್ದು ಇಷ್ಟೆ. ಬೆಳಿಗ್ಗೆ ಹೊಂಡದ ಹತ್ತಿರ ಹೋಗು, ಓಡಿಸು. ಸೊರಗುವ ಹೊತ್ತಿಗೆ ಮುಚ್ಚಳ ಸಡಿಲಿಸಿ ಕಿವಿ ಹತ್ತಿರ ತಾ. ‘ಉಸ್’ ಅಂದರೆ ಪೊರಕೆಕಡ್ಡಿ ಹುಡುಕು. ಅನ್ನದಿದ್ದರೆ ನನಗೆ ಫೋನ್ ಮಾಡಿ ಹೊಗೆಯ ಬಣ್ಣ ಹೇಳು.