ಬೂಷ್ಟು ಹಿಡಿದ ಮೆಕ್ಕೆಜೋಳ ಹಸುವಿಗೆ ಹಾಕಬಹುದೇ?

ಪ್ರಶ್ನೆ: ಕೊಯ್ಲಿನ ಹೊತ್ತಿಗೆ ಮಳೆ ಹಿಡಿದು ನಮ್ಮ ಮೆಕ್ಕೆಜೋಳ ರಾಶಿಯಲ್ಲೇ ನೆನೆಯಿತು. ಈಗ ಅಲ್ಲಲ್ಲಿ ಹಸಿರು ಬೂಷ್ಟು ಬಂದಿದೆ. ವ್ಯಾಪಾರಿ ನೋಡಿ ಬೇಡವೆಂದು ಹೋದ. ಬಿಸಿಲಿಗೆ ಹರವಿ, ಬೂಷ್ಟು ತೂರಿ, ನುಚ್ಚು ಮಾಡಿಸಿ ಮನೆಯ ಹಸುಗಳಿಗೇ ಹಾಕೋಣವೆಂದಿದ್ದೇವೆ. ಡೈರಿಯವರು ‘ಅಫ್ಲಾಟಾಕ್ಸಿನ್ ಇರುತ್ತೆ, ಹಾಕಬೇಡಿ’ ಅನ್ನುತ್ತಾರೆ. ಹಸು ಬೇಡವೆನ್ನದೆ ತಿನ್ನುತ್ತದೆ. ಅದರಿಂದ ನಿಜಕ್ಕೂ ಏನಾಗುತ್ತದೆ?
– ಓದುಗರೊಬ್ಬರು, ಹಾವೇರಿ ಜಿಲ್ಲೆ

ಉತ್ತರ: ಡೈರಿಯವರು ಹೇಳಿದ್ದು ಸರಿ. ಕನಿಷ್ಠ ಪರೀಕ್ಷೆ ಮಾಡಿಸುವವರೆಗೆ ಕರೆಯುವ ಹಸುವಿಗೂ ಕರುವಿಗೂ ಆ ಜೋಳ ಹಾಕಬೇಡಿ. ಬೂಷ್ಟು ತೂರಿದರೆ ಹಾರಿಹೋಗುತ್ತದೆ. ಅದು ಕಾಳಿನೊಳಗೆ ಬಿಟ್ಟ ವಿಷ ಅಲ್ಲೇ ಉಳಿಯುತ್ತದೆ. ಬಿಸಿಲು ಕಾಳಿನ ತೇವ ತೆಗೆದು ಬೂಷ್ಟಿನ ಬೆಳವಣಿಗೆಯನ್ನು ನಿಲ್ಲಿಸುತ್ತದೆ ನಿಜ, ಆದರೆ ಆಗಲೇ ಸೇರಿರುವ ವಿಷವನ್ನು ನಂಬಿ ಕೂರುವಷ್ಟು ಇಳಿಸುವುದಿಲ್ಲ. ಕುದಿಸಿದರೂ ಅಷ್ಟೆ, ಅಡುಗೆ ಮನೆಯ ಶಾಖಕ್ಕೆ ಬಗ್ಗುವ ವಿಷ ಇದಲ್ಲ.

ಈ ವಿಷವನ್ನು ಮಾಡುವುದು ಮುಖ್ಯವಾಗಿ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಶಿಲೀಂಧ್ರ. ಅದು ಮಣ್ಣಿನಲ್ಲಿ, ಕಸಕಡ್ಡಿಯಲ್ಲಿ ಸದಾ ಇದ್ದೇ ಇರುತ್ತದೆ. ಬರದಲ್ಲಿ ಬಾಡಿದ ಪೈರು, ಹುಳು ಕೊರೆದ ತೆನೆ, ಒಡೆದ ಕಾಳು, 25ರಿಂದ 35 ಡಿಗ್ರಿ ಸೆಖೆ, ಜೊತೆಗೆ ತೇವ, ಇಷ್ಟು ಕೂಡಿಬಂದರೆ ಅದಕ್ಕೆ ಹಬ್ಬ. ಮೆಕ್ಕೆಜೋಳ, ಶೇಂಗಾ, ಹತ್ತಿಬೀಜ ಮೂರೂ ಅದಕ್ಕೆ ಪ್ರಿಯ. ಶೇಂಗಾ ಗಾಣಕ್ಕೆ ಹೋದಾಗ ವಿಷದ ಬಹುಪಾಲು ಎಣ್ಣೆಗೆ ಬಾರದೆ ಹಿಂಡಿಯಲ್ಲೇ ಉಳಿಯುತ್ತದೆ. ಆ ಹಿಂಡಿ ನೇರ ಕೊಟ್ಟಿಗೆಗೆ ಬರುತ್ತದೆ.

ಜಗತ್ತಿಗೆ ಈ ವಿಷದ ಪರಿಚಯವಾದದ್ದೂ ಹಿಂಡಿಯಿಂದಲೇ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಕಾರಣ ಹುಡುಕುತ್ತಾ ಹೋದವರು ಕೊನೆಗೆ ತಲುಪಿದ್ದು ಬ್ರೆಜಿಲ್‌ನಿಂದ ಬಂದ ಬೂಷ್ಟು ಹಿಡಿದ ಶೇಂಗಾ ಹಿಂಡಿಗೆ. ನಮ್ಮ ದೇಶದ ಕತೆ ಇನ್ನೂ ಘೋರ. 1974ರಲ್ಲಿ ರಾಜಸ್ಥಾನದ ಬಾನ್ಸ್‌ವಾಡಾ, ಗುಜರಾತಿನ ಪಂಚಮಹಲ್ ಜಿಲ್ಲೆಗಳಲ್ಲಿ ಅಕಾಲ ಮಳೆಗೆ ನೆನೆದ ಮೆಕ್ಕೆಜೋಳ ತಿಂದ ಬಡ ಕುಟುಂಬಗಳಲ್ಲಿ ಕಾಮಾಲೆ ಬಂತು, ಹೊಟ್ಟೆಯಲ್ಲಿ ನೀರು ತುಂಬಿತು. ನೂರಕ್ಕೂ ಹೆಚ್ಚು ಜನ ಸತ್ತರು. ಅದೇ ಊಟ ತಿಂದ ಊರಿನ ನಾಯಿಗಳಿಗೂ ಅದೇ ಕಾಯಿಲೆ ಬಂದಿತ್ತು. ಹೀಗೆ ಒಮ್ಮೆಲೇ ಕೊಲ್ಲುವಷ್ಟು ವಿಷ ಸೇರುವುದು ಅಪರೂಪ. ಸ್ವಲ್ಪ ಸ್ವಲ್ಪವಾಗಿ ವರ್ಷಗಟ್ಟಲೆ ಹೊಟ್ಟೆಗೆ ಹೋದರೆ ಪಿತ್ತಜನಕಾಂಗದ ಕ್ಯಾನ್ಸರ್‌ಗೆ ದಾರಿ. ಹೆಪಟೈಟಿಸ್ ಬಿ ಸೋಂಕು ಇದ್ದವರಿಗೆ ಅಪಾಯ ಹಲವು ಪಟ್ಟು.

ಇನ್ನು ನಿಮ್ಮ ಹಸುವಿನ ಮಾತು. ದೊಡ್ಡ ಹಸು ಕೋಳಿಯಂತೆ ತಟ್ಟನೆ ಸಾಯುವುದಿಲ್ಲ, ಹಾಗಾಗಿಯೇ ‘ಏನೂ ಆಗಲಿಲ್ಲ’ ಅನ್ನಿಸುತ್ತದೆ. ದಿನ ಕಳೆದಂತೆ ಮೇವು ಬಿಡುತ್ತದೆ, ಹಾಲು ಇಳಿಯುತ್ತದೆ, ಲಿವರ್ ಸೊರಗುತ್ತದೆ. ಕರುಗಳಿಗೆ ತಡೆದುಕೊಳ್ಳುವ ಶಕ್ತಿ ಇನ್ನೂ ಕಡಿಮೆ. ಅದಕ್ಕಿಂತ ಮುಖ್ಯ, ತಿಂದ ವಿಷದ ಒಂದು ಪಾಲು ಅಫ್ಲಾಟಾಕ್ಸಿನ್ ಎಂ1 ಆಗಿ ಒಂದೇ ದಿನದೊಳಗೆ ಹಾಲಿಗೆ ಇಳಿಯುತ್ತದೆ. ಹಾಲು ಕಾಯಿಸಿದರೆ, ಪಾಶ್ಚರೀಕರಿಸಿದರೆ ಅದು ಹೋಗುವುದಿಲ್ಲ. ಪನೀರು ಮಾಡಿದರೆ ಹಾಲಿನ ಪ್ರೋಟೀನಿಗೆ ಅಂಟಿಕೊಂಡು ಇನ್ನಷ್ಟು ಗಟ್ಟಿಯಾಗುತ್ತದೆ.

ಲೆಕ್ಕ ಹಾಕಿ ನೋಡಿ. ಪಶು ಆಹಾರಕ್ಕೆ ನಮ್ಮ ಮಾನಕ ಸಂಸ್ಥೆ ಇಟ್ಟಿರುವ ಮಿತಿ 20 ಪಿಪಿಬಿ, ಅಂದರೆ ಒಂದು ಟನ್ನಿಗೆ 20 ಮಿಲಿಗ್ರಾಂ. ನಿಮ್ಮ ಜೋಳದಲ್ಲಿ 100 ಪಿಪಿಬಿ ಇದೆ ಎಂದುಕೊಳ್ಳಿ. ಬೂಷ್ಟು ಹಿಡಿದ ಮಾಲಿನಲ್ಲಿ ಅದೇನೂ ಅತಿಯಲ್ಲ. ದಿನಕ್ಕೆ 4 ಕಿಲೋ ನುಚ್ಚು ತಿಂದ ಹಸುವಿನ ಹೊಟ್ಟೆಗೆ ಹೋಗುವುದು 400 ಮೈಕ್ರೋಗ್ರಾಂ. ಅದರಲ್ಲಿ ನೂರಕ್ಕೆ ಎರಡು ಪಾಲು ಹಾಲಿಗೆ ಇಳಿದರೂ 8 ಮೈಕ್ರೋಗ್ರಾಂ. ಹಸು 10 ಲೀಟರ್ ಕರೆದರೆ ಲೀಟರಿಗೆ 0.8. ಹಾಲಿಗೆ ನಮ್ಮ ದೇಶದ ಮಿತಿ 0.5, ಯುರೋಪಿನಲ್ಲಿ 0.05. ಎಂದರೆ ಡೈರಿ ಕ್ಯಾನಿಗೆ ಸುರಿದ ನಿಮ್ಮ ಹಾಲು ಮಿತಿ ದಾಟಿತು. ಅದೇ ಹಾಲನ್ನು ಮನೆಯ ಮಗುವೂ ಕುಡಿಯುತ್ತದೆ. ಸಮಾಧಾನದ ಸಂಗತಿಯೆಂದರೆ, ಕೆಟ್ಟ ಆಹಾರ ನಿಲ್ಲಿಸಿದ ಮೂರು ನಾಲ್ಕು ದಿನಗಳಲ್ಲಿ ಹಾಲು ಬಹುಮಟ್ಟಿಗೆ ಶುದ್ಧವಾಗುತ್ತದೆ.

ಬಣ್ಣ ನೋಡಿ ತೀರ್ಮಾನಿಸಲು ಹೋಗಬೇಡಿ. ಹಳದಿ ಮಿಶ್ರಿತ ಹಸಿರು ಬೂಷ್ಟು ಕಂಡರೆ ಅನುಮಾನಿಸಲೇಬೇಕು, ಆದರೆ ಬೂಷ್ಟು ಕಾಣದ ಕಾಳಿನಲ್ಲೂ ವಿಷ ಇರಬಹುದು. ಗುಲಾಬಿ ಬೂಷ್ಟು ಬೇರೆ ಜಾತಿಯದು, ಅದರ ವಿಷವೂ ಬೇರೆ. 1995ರಲ್ಲಿ ಮಳೆಗೆ ಸಿಕ್ಕ ಜೋಳ, ಮೆಕ್ಕೆಜೋಳ ತಿಂದು ಕರ್ನಾಟಕ ಮತ್ತು ಆಂಧ್ರದ ಕೆಲವು ಹಳ್ಳಿಗಳ ಜನ ಹೊಟ್ಟೆನೋವು, ಭೇದಿಯಿಂದ ನರಳಿದ್ದು ಅಂಥ ಫ್ಯುಮೋನಿಸಿನ್ ವಿಷದಿಂದ.

ಈಗಿರುವ ಮಾಲನ್ನು ಏನು ಮಾಡುವುದು? ಮೊದಲು ಒಣಗಿದ್ದನ್ನೂ ನೆನೆದದ್ದನ್ನೂ ಬೇರೆ ಮಾಡಿ. ಬಣ್ಣಗೆಟ್ಟ, ಒಡೆದ, ಜೊಳ್ಳಾದ, ಹುಳು ತಿಂದ ಕಾಳು ಆರಿಸಿ ತೆಗೆದರೆ ವಿಷದ ದೊಡ್ಡ ಪಾಲು ಹೊರಗೆ ಹೋಗುತ್ತದೆ. ಉಳಿದದ್ದನ್ನು ಪರೀಕ್ಷೆಗೆ ಕಳಿಸಿ. ವಿಷ ರಾಶಿಯಲ್ಲಿ ಒಂದೇ ಸಮನಾಗಿ ಹರಡಿರುವುದಿಲ್ಲ, ಆದ್ದರಿಂದ ಒಂದೇ ಚೀಲದ ಹಿಡಿ ಕಾಳು ಸಾಲದು. ಹಲವು ಚೀಲಗಳ ಮೇಲಿಂದ, ನಡುವಿನಿಂದ, ತಳದಿಂದ ತೆಗೆದು ಬೆರೆಸಿ, ಅದರಿಂದ ಎರಡು ಮೂರು ಕಿಲೋ ಕಳಿಸಬೇಕು. ಎಲ್ಲಿಗೆ ಕಳಿಸುವುದೆಂದು ನಿಮ್ಮ ಪಶುವೈದ್ಯರನ್ನೋ ಹಾಲು ಒಕ್ಕೂಟವನ್ನೋ ಕೇಳಿ. ಬೆಂಟೋನೈಟ್ ಜೇಡಿಯಂಥ ‘ಟಾಕ್ಸಿನ್ ಬೈಂಡರ್’ ಮಾರಾಟಕ್ಕಿದೆ, ಅದು ಹೊಟ್ಟೆಯಲ್ಲಿ ವಿಷದ ಸ್ವಲ್ಪ ಭಾಗ ಹಿಡಿದಿಡುತ್ತದೆ. ಅದನ್ನು ನಂಬಿ ಕೆಟ್ಟ ಮಾಲು ಹಾಕುವಂತಿಲ್ಲ. ಎಥೆನಾಲ್ ಕಾರ್ಖಾನೆಗೆ ಮಾರಿದರೂ ವಿಷ ಸಾಯುವುದಿಲ್ಲ. ಕಾಳಿನ ಪಿಷ್ಟ ಎಥೆನಾಲ್ ಆದ ಮೇಲೆ ಉಳಿಯುವ ಡಿಡಿಜಿಎಸ್‌ನಲ್ಲಿ ಅದರ ಪ್ರಮಾಣ ಮೂರು ಪಟ್ಟಿನಷ್ಟಾಗುತ್ತದೆ. ಆ ಡಿಡಿಜಿಎಸ್ ಮತ್ತೆ ಪಶು ಆಹಾರವಾಗಿ ಯಾರದೋ ಕೊಟ್ಟಿಗೆ ಸೇರುತ್ತದೆ.

ನಿಜವಾದ ಔಷಧಿ ಒಣಗಿಸುವುದರಲ್ಲಿದೆ. ಮೆಕ್ಕೆಜೋಳದ ತೇವ ನೂರಕ್ಕೆ 12ರ ಸುಮಾರಿಗೆ, ಸುಲಿಯದ ಶೇಂಗಾದ್ದು 8ರ ಕೆಳಗೆ ಇಳಿಯಬೇಕು. ಮೀಟರ್ ಇಲ್ಲವೆಂದರೆ ಉಪ್ಪಿನ ಪರೀಕ್ಷೆ ಇದೆ. ಚೆನ್ನಾಗಿ ಒಣಗಿದ ಗಾಜಿನ ಬಾಟಲಿಗೆ ಮೂರನೇ ಒಂದು ಭಾಗ ಕಾಳು ತುಂಬಿ, ಒಣ ಪುಡಿ ಉಪ್ಪು ಎರಡು ಚಮಚ ಹಾಕಿ, ಮುಚ್ಚಿ ಒಂದು ನಿಮಿಷ ಕುಲುಕಿ. ಹದಿನೈದು ನಿಮಿಷ ಬಿಟ್ಟು ನೋಡಿ. ಉಪ್ಪು ಗಾಜಿಗೆ ಅಂಟಿದ್ದರೆ ತೇವ 15ಕ್ಕಿಂತ ಹೆಚ್ಚಿದೆ, ಚೀಲ ಕಟ್ಟಬೇಡಿ. ಅಂಟದಿದ್ದರೂ ಇನ್ನೊಂದೆರಡು ಬಿಸಿಲು ಕೊಡಿ, ಏಕೆಂದರೆ ನಮಗೆ ಬೇಕಾದದ್ದು 15 ಅಲ್ಲ, 12.

ಒದ್ದೆ ತೆನೆಯ ರಾಶಿಗೆ ಟಾರ್ಪಾಲು ಬಿಗಿದು ವಾರಗಟ್ಟಲೆ ಬಿಡಬೇಡಿ, ಒಳಗೆ ಬೆವರಿ ಬೂಷ್ಟಿಗೆ ಅದೇ ಮನೆಯಾಗುತ್ತದೆ. ಮಳೆ ನಿಂತ ಕೂಡಲೇ ತೆರೆಯಿರಿ. ಒಕ್ಕಣೆ ಯಂತ್ರದಲ್ಲಿ ಕಾಳು ಒಡೆಯದಂತೆ ನೋಡಿಕೊಳ್ಳಿ. ಸುಲಿಯಲು ಸಲೀಸಾಗಲೆಂದು ಶೇಂಗಾಕ್ಕೆ ನೀರು ಚಿಮುಕಿಸುವ ರೂಢಿ ಬಿಟ್ಟುಬಿಡಿ. ಚೀಲಗಳನ್ನು ನೆಲಕ್ಕೂ ಗೋಡೆಗೂ ತಾಗದಂತೆ ಹಲಗೆಯ ಮೇಲೆ ಪೇರಿಸಿ. ಗಾಳಿಯಾಡದ ಚೀಲ ತಂದರೆ ಒಣಗಿದ ಕಾಳಿಗೆ ಮಾತ್ರ ಬಳಸಿ. ಮಳೆಗಾಲದಲ್ಲಿ ಹಿಂಡಿ, ಪಶು ಆಹಾರ ತಿಂಗಳುಗಟ್ಟಲೆಗೆ ಕೊಂಡಿಡದೆ ಆಗಾಗ ತನ್ನಿ. ಗಂಟುಗಟ್ಟಿದ, ಮುಗ್ಗಲು ನಾರುವ ಚೀಲ ವಾಪಸು ಮಾಡಿ.

ಪರೀಕ್ಷೆಯಲ್ಲಿ ಮಿತಿ ಮೀರಿದೆ ಎಂದು ಬಂದರೆ ಆ ಜೋಳವನ್ನು ಒಳ್ಳೆಯ ಜೋಳಕ್ಕೆ ಬೆರೆಸಬೇಡಿ, ಕೋಳಿ ಫಾರಂಗೂ ಕೊಡಬೇಡಿ. ಗುಂಡಿ ತೆಗೆದು ಹೂತುಬಿಡಿ. ಮುಂದಿನ ಕೊಯ್ಲಿಗೆ ಮುಂಚೆ ಒಣಗಿಸುವ ಜಾಗ ಗೊತ್ತುಮಾಡಿಕೊಂಡು, ಟಾರ್ಪಾಲು ಎರಡು ಹೆಚ್ಚೇ ಕೊಂಡಿಟ್ಟುಕೊಳ್ಳಿ. ಈ ಸಲದ ನಷ್ಟದ ಮುಂದೆ ಅದರ ಖರ್ಚು ದೊಡ್ಡದಲ್ಲ.