ಕುರ್ಲಾದಿಂದ ಕುಂದಾಪುರಕ್ಕೆ, ಮಕ್ಕಳ ಲೆಕ್ಕದಲ್ಲಿ

ನಮ್ಮ ಮನೆ ಕುರ್ಲಾ ಪೂರ್ವದ ನೆಹರು ನಗರದಲ್ಲಿ. ಮತ್ಸ್ಯಗಂಧಾ ರೈಲು ಹೊರಡುವ ಲೋಕಮಾನ್ಯ ತಿಲಕ್ ಟರ್ಮಿನಸ್‌ಗೆ ರಿಕ್ಷಾ ಹತ್ತಿದರೆ ಸಾಕು. 1998ರಲ್ಲಿ ಕೊಂಕಣ ರೈಲು ಓಡಲು ಶುರುವಾದ ಮೇಲೆ ನಮ್ಮಂಥವರಿಗೆ ಊರು ಒಂದು ರಾತ್ರಿಯ ದಾರಿಯಾಯಿತು. ಆದರೂ ಮೇ ತಿಂಗಳಲ್ಲಿ ನಾವು ಕಾರಿನಲ್ಲೇ ಹೊರಡುತ್ತೇವೆ. 60 ದಿನ ಮೊದಲು ಬುಕಿಂಗ್ ತೆರೆದರೆ ಕಣ್ಣುಮುಚ್ಚಿ ತೆರೆಯುವುದರೊಳಗೆ ಟಿಕೆಟ್ ಖಾಲಿ. ಟಿಕೆಟ್ ಸಿಕ್ಕರೂ ನೆಂಟರ ಮನೆಗಳು ಕೋಟೇಶ್ವರ, ಸಿದ್ದಾಪುರ, ಹೆಬ್ರಿ ಎಂದು ಹರಡಿಕೊಂಡಿವೆ. ಆ ಸೆಕೆಯಲ್ಲಿ ಮಕ್ಕಳನ್ನು ಕಟ್ಟಿಕೊಂಡು ಬಸ್ಸಿಗೆ ಕಾಯುತ್ತ ನಿಲ್ಲುವುದು ಕಷ್ಟ.

ಮಗಳು ನಾಲ್ಕನೇ ತರಗತಿ ಮುಗಿಸಿದ್ದಾಳೆ, ಮಗನಿಗೆ ನಾಲ್ಕು ವರ್ಷ. ದಾರಿ ಸುಮಾರು 850 ಕಿ.ಮೀ. ಯಾವ ದಾರಿ, ಎಲ್ಲಿ ತಂಗುವುದು, ಎಷ್ಟು ಹೊತ್ತಿಗೆ ಹೊರಡುವುದು ಎಂಬುದನ್ನೆಲ್ಲ ನಾನೀಗ ಒಂದೇ ಪ್ರಶ್ನೆ ಇಟ್ಟುಕೊಂಡು ತೀರ್ಮಾನಿಸುತ್ತೇನೆ: ಅಮ್ಮಮ್ಮನ ಅಂಗಳದಲ್ಲಿ ಇಳಿಯುವಾಗ ಮಕ್ಕಳಿಗೆ ನಗಲು, ಮಾತಾಡಲು ತ್ರಾಣ ಉಳಿದಿರುತ್ತದೆಯೇ? ನಾವು ಹೋಗುವುದು ಜನರನ್ನು ನೋಡಲು. ಮಕ್ಕಳ ಉತ್ಸಾಹವೆಲ್ಲ ದಾರಿಯಲ್ಲೇ ಬತ್ತಿಹೋದರೆ ವರ್ಷವಿಡೀ ಕಾದು ಕುಳಿತ ಅಜ್ಜ-ಅಮ್ಮಮ್ಮನಿಗೆ ಸಿಗುವುದು ಅವರ ಅಳು, ರಗಳೆ ಮಾತ್ರ.

ಆದ್ದರಿಂದ ಮೊದಲು ನೋಡಬೇಕಾದದ್ದು ಕ್ಯಾಲೆಂಡರ್. ಮುಂಬೈ ಶಾಲೆಗಳು ಜೂನ್ ಮಧ್ಯದವರೆಗೂ ಮುಚ್ಚಿರುತ್ತವೆ. ಊರಿನ ಶಾಲೆಗಳು ಮೇ ಕೊನೆಗೇ ತೆರೆದುಬಿಡುತ್ತವೆ. ಮೇ ಮೂರನೇ ವಾರದ ಮೇಲೆ ಹೋದರೆ ಆಟಕ್ಕೆ ಜೊತೆಯಾಗಬೇಕಾದ ಅಣ್ಣ-ತಮ್ಮಂದಿರು ಪುಸ್ತಕಕ್ಕೆ ಬೈಂಡ್ ಹಾಕುತ್ತಿರುತ್ತಾರೆ. ಪತ್ತನಾಜೆಯ ಹೊತ್ತಿಗೆ, ಎಂದರೆ ಮೇ 24-25ರ ಸುಮಾರಿಗೆ, ಯಕ್ಷಗಾನ ಮೇಳಗಳ ತಿರುಗಾಟವೂ ಮುಗಿಯುತ್ತದೆ. ಮಳೆಗಾಲದಲ್ಲಿ ಮೇಳದ ಕಲಾವಿದರು ಮುಂಬೈಗೆ ಬಂದಾಗ ಸಭಾಗೃಹದಲ್ಲಿ ಕೂತು ಆಟ ನೋಡಿದ ಮಕ್ಕಳು ನಮ್ಮವರು. ಗದ್ದೆಯಲ್ಲಿ ಹಾಕಿದ ರಂಗಸ್ಥಳದ ಮುಂದೆ, ಅಮ್ಮಮ್ಮನ ಮಡಿಲಲ್ಲಿ ತೂಕಡಿಸುತ್ತ ಚೆಂಡೆ ಕೇಳುವ ಭಾಗ್ಯವೂ ಅವರಿಗೆ ಸಿಗಬೇಕೆಂಬುದು ನನ್ನ ಆಸೆ. ಅದಕ್ಕೇ ಮೇ ಮೊದಲ ವಾರ ಹೊರಡುವುದು.

ದಾರಿ ಎರಡಿವೆ. ಪನ್ವೇಲ್‌ನಿಂದ ಚಿಪ್ಳೂಣ, ಸಾವಂತವಾಡಿ ಮೇಲೆ ಹೋಗುವ ರಾಷ್ಟ್ರೀಯ ಹೆದ್ದಾರಿ 66 ನಕ್ಷೆಯಲ್ಲಿ ನೇರ ಕಾಣುತ್ತದೆ, ಆದರೆ ಉದ್ದಕ್ಕೂ ತಿರುವುಗಳು. ಕಾರಿನಲ್ಲಿ ಮಕ್ಕಳಿಗೆ ವಾಂತಿಯಾಗುವುದು ಹೊಟ್ಟೆಯ ದೋಷದಿಂದಲ್ಲ. ಒಳಕಿವಿ ‘ಚಲಿಸುತ್ತಿದ್ದೇವೆ’ ಎನ್ನುತ್ತದೆ, ಮೊಬೈಲಿಗೆ ಅಂಟಿದ ಕಣ್ಣು ‘ಇಲ್ಲ’ ಎನ್ನುತ್ತದೆ. ಆ ಗೊಂದಲದಿಂದ ಹೊಟ್ಟೆ ತೊಳೆಸುತ್ತದೆ. ಎರಡರಿಂದ ಹನ್ನೆರಡು ವರ್ಷದವರಿಗೆ ಇದರ ಕಾಟ ಹೆಚ್ಚು. ಹಾಗಾಗಿ ನಾವು ಪುಣೆ, ಸಾತಾರಾ, ಕೊಲ್ಹಾಪುರದ ಅಗಲ ರಸ್ತೆ ಹಿಡಿಯುತ್ತೇವೆ. ಘಟ್ಟ ಬಂದಾಗ ಮೊಬೈಲ್, ಪುಸ್ತಕ ಎರಡೂ ಬಂದ್. ದೂರದ ಬೆಟ್ಟ ನೋಡಲು ಹೇಳಿ ಕಿಟಕಿ ಸ್ವಲ್ಪ ಇಳಿಸುತ್ತೇನೆ. ಹೊಟ್ಟೆಗೆ ಇಡ್ಲಿ, ಮಂಡಕ್ಕಿ, ಬಾಳೆಹಣ್ಣು ಮಾತ್ರ. ಹಾಲು ಕೊಡುವುದಿಲ್ಲ. ವಾಂತಿಯ ಔಷಧವನ್ನು ನಮ್ಮ ಮಕ್ಕಳ ಡಾಕ್ಟರನ್ನು ಕೇಳದೆ ಕೊಡುವುದಿಲ್ಲ.

ರಾತ್ರಿ ಹೊರಟರೆ ಮಕ್ಕಳು ಮಲಗಿರುತ್ತಾರೆ, ದಾರಿ ಸಾಗಿದ್ದೇ ತಿಳಿಯುವುದಿಲ್ಲ ಎಂದು ಅನೇಕರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಮಕ್ಕಳು ಮಲಗುತ್ತಾರೆ ನಿಜ, ಸ್ಟಿಯರಿಂಗ್ ಹಿಡಿದವರಿಗೂ ಬೆಳಗಿನ ಜಾವ ಕಣ್ಣು ಎಳೆಯುತ್ತದೆ. ನಾವು ರಾತ್ರಿ ಬೇಗ ಮಲಗಿ, ನಾಲ್ಕು ಗಂಟೆಗೆ ಹೊರಡುತ್ತೇವೆ. ಮಾನ್‌ಖುರ್ದ್ ದಾಟಿ ವಾಶಿ ಸೇತುವೆ ಹತ್ತುವಾಗ ರಸ್ತೆ ಬಿಡುವಾಗಿರುತ್ತದೆ, ಬೆಳಕು ಹರಿಯುವಷ್ಟರಲ್ಲಿ ಖಂಡಾಲಾ ಘಟ್ಟ ಹಿಂದೆ ಬಿದ್ದಿರುತ್ತದೆ. ಮೊದಲ ದಿನದ ಓಟ ಬೆಳಗಾವಿಗೆ ಮುಗಿಯಬೇಕು. ‘ಇನ್ನೊಂದು ನಾಲ್ಕು ಗಂಟೆ ಎಳೆದರೆ...’ ಎಂಬ ಮಾತು ಕಾರಿನಲ್ಲಿ ಎದ್ದರೆ ಅದಕ್ಕೆ ನಾನು ಕಿವಿಗೊಡುವುದಿಲ್ಲ.

ಮಗನಿಗೆ ಮಕ್ಕಳ ಸೀಟು, ಮಗಳಿಗೆ ಬೆಲ್ಟು. ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಹಾಗೇ ಕೂರಿಸಿದರೆ 1000 ರೂಪಾಯಿ ದಂಡವೆಂದು 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ ಹೇಳುತ್ತದೆ. ದಂಡದ ಭಯಕ್ಕಿಂತ ದೊಡ್ಡ ಕಾರಣ ಬೇರೆ: ಹೆದ್ದಾರಿಯ ವೇಗದಲ್ಲಿ ಗಾಡಿ ಗುದ್ದಿದರೆ ಮಡಿಲಿನ ಮಗುವನ್ನು ಯಾರ ತೋಳೂ ಹಿಡಿದುಕೊಳ್ಳಲಾರದು. ಇದು ಕಷ್ಟವಾಗುವುದು ಊರಿಗೆ ಹೋದ ಮೇಲೆ. ಅತ್ತಿಗೆ, ದೊಡ್ಡಮ್ಮ ಎಲ್ಲರೂ ಕಾರು ಹತ್ತಿ, ‘ಮಾಣಿ ನನ್ನ ಮಡಿಲಲ್ಲ್ ಇರ್ಲಿ’ ಎಂದು ಪ್ರೀತಿಯಿಂದ ಕೈಚಾಚುತ್ತಾರೆ. ಆಗ ‘ದೊಡ್ಡಮ್ಮ, ಮನೆಗೆ ಹೋದ ಮೇಲೆ ಎಷ್ಟು ಹೊತ್ತಾದ್ರೂ ಎತ್ತಿಕೊಳ್ಳಿ’ ಎನ್ನುತ್ತೇನೆ. ಒಬ್ಬರಿಗೆ ಜಾಗ ಸಾಲದಿದ್ದರೆ ನಮ್ಮವರು ಎರಡು ಸಲ ಗಾಡಿ ಓಡಿಸುತ್ತಾರೆ.

ಕಾಗಲ್ ದಾಟಿ ಕೋಗನೋಳಿ ಬಂತೆಂದರೆ ಕನ್ನಡದ ಬೋರ್ಡುಗಳು ಶುರು. ಬೇಸರದ ಹೊತ್ತಿಗೆ ಮಗಳಿಗೆ ಅದೇ ಆಟ, ಅಕ್ಷರ ಕೂಡಿಸಿ ಊರಿನ ಹೆಸರು ಓದುವುದು. ಎರಡನೇ ದಿನ ಬೆಳಿಗ್ಗೆ ಕಿತ್ತೂರಿನಲ್ಲಿ ಇಳಿಯುತ್ತೇವೆ. ಮಹಾರಾಷ್ಟ್ರದ ನಾಲ್ಕನೇ ತರಗತಿಯ ಪಠ್ಯದಲ್ಲಿ ಶಿವಾಜಿ ಮಹಾರಾಜರ ಕೋಟೆಗಳನ್ನೆಲ್ಲ ಓದಿದ ಹುಡುಗಿ ಅವಳು. 1824ರಲ್ಲಿ ಇಂಗ್ಲಿಷರ ಸೈನ್ಯವನ್ನು ಸೋಲಿಸಿ, ಕಲೆಕ್ಟರ್ ಥ್ಯಾಕರೆ ಅದೇ ಕಾಳಗದಲ್ಲಿ ಸಾಯುವಂತೆ ಮಾಡಿದ ರಾಣಿಯ ಕೋಟೆ ಎಂದ ಕೂಡಲೇ ಅವಳ ಪ್ರಶ್ನೆಗಳು ನಿಲ್ಲಲಿಲ್ಲ. ಮಗನಿಗೆ ಓಡಲು ಜಾಗ ಸಿಕ್ಕಿತು. ಹಾಗೆ ಓಡಿ ದಣಿದವನು ಹುಬ್ಬಳ್ಳಿಯ ತನಕ ನಿದ್ದೆ. ಎರಡು ಗಂಟೆಗೊಮ್ಮೆ ನಿಲ್ಲಿಸುವುದು ಹೊತ್ತು ಕಳೆಯುವುದಲ್ಲ, ಮುಂದಿನ ಎರಡು ಗಂಟೆಯನ್ನು ಗಳಿಸುವುದು.

ಯಲ್ಲಾಪುರ ದಾಟಿ ಅರಬೈಲು ಘಟ್ಟ ಇಳಿದರೆ ಅಂಕೋಲಾ. ಅಲ್ಲಿಂದ ಕುಮಟಾ ಕಡೆಗೆ ಹೋಗುವಾಗ ಶಿರೂರು ಸಿಗುತ್ತದೆ, 2024ರ ಜುಲೈ 16ರಂದು ಗುಡ್ಡ ಕುಸಿದು ಜೀವ ಹೋದ ಜಾಗ. ಅದನ್ನು ಹಾದುಹೋಗುವಾಗ ಎದೆ ಭಾರವಾಗುತ್ತದೆ. ಮಳೆಗಾಲದಲ್ಲಿ ಮಕ್ಕಳನ್ನು ಕರೆದುಕೊಂಡು ಈ ದಾರಿಗಿಳಿಯುವುದಿಲ್ಲ. ಚೌತಿಗೆ ಹೋಗುವುದಾದರೆ ರೈಲೇ. ಮುಂದೆ ಮರವಂತೆಯಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ. ಮಕ್ಕಳು ನೀರಿಗಿಳಿಯಲು ಹಟ ಮಾಡುತ್ತಾರೆ, ಆದರೆ ಅಲ್ಲಿ ನಾವು ಕಡಲನ್ನು ನೋಡಿ ಹೊರಡುತ್ತೇವೆ ಅಷ್ಟೆ.

ಮುಸ್ಸಂಜೆಗೆ ಮೊದಲೇ ಮನೆ ಸೇರಬೇಕು. ಬೆಳಕಿದ್ದರೆ ಮಕ್ಕಳು ಅಂಗಳದಲ್ಲಿ ಸುತ್ತಾಡಿ, ಕರು ನೋಡಿ, ಮೆಲ್ಲಗೆ ಜನರ ಹತ್ತಿರ ಬರುತ್ತಾರೆ. ‘ಎಂತ ಮಗಾ, ಮಾತಾಡೂದಿಲ್ಯಾ?’ ಎಂದು ಅಮ್ಮಮ್ಮ ಕೇಳಿದಾಗ ಮಗ ನನ್ನ ಹಿಂದೆ ಅಡಗಿದರೆ ಅವನನ್ನು ಮುಂದೆ ತಳ್ಳುವುದಿಲ್ಲ. ಹೊರಡುವ ಮೊದಲೇ ಅಮ್ಮನಿಗೆ ಫೋನಿನಲ್ಲಿ ಹೇಳಿರುತ್ತೇನೆ, ಮೊದಲ ಸಂಜೆ ಅವನಾಗಿ ಬರಲಿ ಎಂದು. ಮರುದಿನ ಬೆಳಿಗ್ಗೆ ಅವನು ಅವಳ ಸೆರಗು ಬಿಡುವುದಿಲ್ಲ.

ಊರಲ್ಲಿ ನನ್ನ ದೊಡ್ಡ ಚಿಂತೆ ಬಾವಿ ಮತ್ತು ಕೆರೆ. ಅಪಾರ್ಟ್‌ಮೆಂಟಿನ ನಲ್ಲಿ ನೀರು ಕಂಡ ಮಕ್ಕಳಿಗೆ ಅಡಿಕೆ ತೋಟದೊಳಗಿನ ಕಟ್ಟೆಯಿಲ್ಲದ ಬಾವಿಯ ಅಂದಾಜಿರುವುದಿಲ್ಲ. ಯಾವ ನೆಂಟರ ಮನೆಗೆ ಹೋದರೂ ಆಸರಿಗೆ ಕುಡಿಯುವ ಮೊದಲು ಮಕ್ಕಳ ಕೈಹಿಡಿದು ಮನೆಯ ಸುತ್ತ ಒಂದು ಸುತ್ತು ಬರುತ್ತೇನೆ, ಬಾವಿ ತೋರಿಸುತ್ತೇನೆ. ಮತ್ತೆ ನಾನು, ಇವರು ಇಬ್ಬರಲ್ಲಿ ಯಾರು ಮಕ್ಕಳನ್ನು ನೋಡಿಕೊಳ್ಳುವುದೆಂದು ಮಾತಾಡಿಕೊಳ್ಳುತ್ತೇವೆ. ‘ಇಷ್ಟು ಜನ ಇದ್ದಾರಲ್ಲ’ ಎನ್ನುವ ಧೈರ್ಯವೇ ಅಪಾಯ. ಎಲ್ಲರೂ ಇರುವಲ್ಲಿ ಯಾರೂ ನೋಡಿರುವುದಿಲ್ಲ.

ದಿನಕ್ಕೆ ಒಂದೇ ಮನೆ, ಅದೂ ಊಟಕ್ಕೆ. ಆರು ಮನೆ ಮುಟ್ಟಿ ಬಂದರೆ ಯಾರ ಮುಖವೂ ಮಕ್ಕಳ ನೆನಪಲ್ಲಿ ನಿಲ್ಲುವುದಿಲ್ಲ. ಹೋಗಲಾಗದವರನ್ನು ಅಮ್ಮ ಒಂದು ಸಂಜೆ ನಮ್ಮಲ್ಲಿಗೇ ಕರೆಯುತ್ತಾಳೆ. ಯಾರೂ ಬೇಸರಿಸಿದ್ದಿಲ್ಲ.

ಹಿಂದಿರುಗುವಾಗ ಕುಚ್ಚಲಕ್ಕಿ, ತೆಂಗಿನಕಾಯಿ, ಹಲಸಿನ ಹಪ್ಪಳ ಬಂದು ರಾಶಿ ಬೀಳುತ್ತವೆ. ಭಾರದ್ದೆಲ್ಲ ಡಿಕ್ಕಿಯ ತಳಕ್ಕೆ ಹೋಗುತ್ತದೆ. ಮಕ್ಕಳ ಕಾಲಡಿಯಲ್ಲಾಗಲಿ ಸೀಟಿನ ಹಿಂದಿನ ಹಲಗೆಯ ಮೇಲಾಗಲಿ ಏನನ್ನೂ ಇಡುವುದಿಲ್ಲ, ಬ್ರೇಕ್ ಹಾಕಿದರೆ ತೆಂಗಿನಕಾಯಿ ಹಾರಿ ಬರುತ್ತದೆ. ಉಳಿದ ಮೂಟೆಯನ್ನು ಕುಂದಾಪುರದಲ್ಲಿ ಮುಂಬೈ ಬಸ್ಸಿಗೆ ಪಾರ್ಸೆಲ್ ಹಾಕಿಸುತ್ತೇವೆ. ನಾವು ಮತ್ತೆ ಎರಡು ದಿನ ಮಾಡಿಕೊಂಡು, ಬೆಳಗಾವಿಯಲ್ಲಿ ಮಲಗಿ ಬರುತ್ತೇವೆ. ಮೂಟೆ ನಮಗಿಂತ ಮೊದಲೇ ಮುಂಬೈ ಸೇರಿರುತ್ತದೆ.