ಎನ್‌ಕ್ಲೆಕ್ಸ್ ಬರೆಯುವ ನರ್ಸಿಂಗ್ ಪದವೀಧರರು ತಿಳಿದಿರಬೇಕಾದ ಕಾನೂನು

ಕರ್ನಾಟಕದಲ್ಲಿ ಬಿ.ಎಸ್ಸಿ. ನರ್ಸಿಂಗ್ ಮುಗಿಸಿದವರು ವೃತ್ತಿಗೆ ಇಳಿಯಲು ಲೈಸೆನ್ಸಿಗೆಂದೇ ಬೇರೆ ಪರೀಕ್ಷೆ ಬರೆಯಬೇಕಿಲ್ಲ. ವಿಶ್ವವಿದ್ಯಾಲಯದ ಕೊನೆಯ ಪರೀಕ್ಷೆ ಪಾಸಾಗಿ, ದಾದಿಯರು ಮತ್ತು ಸೂಲಗಿತ್ತಿಯರಿಗೆ ಸಂಬಂಧಿಸಿದ 1961ರ ರಾಜ್ಯ ಕಾಯ್ದೆಯಡಿ ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸಿದರೆ ಸಾಕು. ಅಮೆರಿಕದಲ್ಲಿ ಪದವಿ ಇದ್ದರೆ ಪರೀಕ್ಷೆಗೆ ಕೂರಲು ಅರ್ಹತೆ ಸಿಗುತ್ತದೆ, ಅಷ್ಟೇ. ಅಲ್ಲಿನ ಯಾವ ರಾಜ್ಯದಲ್ಲೇ ಆಗಲಿ ರಿಜಿಸ್ಟರ್ಡ್ ನರ್ಸ್ ಆಗಬೇಕಾದರೆ ಎನ್‌ಕ್ಲೆಕ್ಸ್-ಆರ್‌ಎನ್ ಎಂಬ ಪರೀಕ್ಷೆಯಲ್ಲಿ ತೇರ್ಗಡೆಯಾಗಲೇಬೇಕು. ಕೆನಡಾದ ಬಹುತೇಕ ಪ್ರಾಂತ್ಯಗಳು 2015ರಿಂದ ಇದನ್ನೇ ಬಳಸುತ್ತಿವೆ. ಆಸ್ಟ್ರೇಲಿಯಾ 2020ರಿಂದ ಹೊರದೇಶಗಳಲ್ಲಿ ಓದಿದ ಅನೇಕ ನರ್ಸುಗಳಿಗೆ ಇದೇ ಪರೀಕ್ಷೆಯನ್ನು ಬರೆಸುತ್ತಿದೆ. ಬೆಂಗಳೂರಿನಲ್ಲೇ ಪರೀಕ್ಷಾ ಕೇಂದ್ರ ಇರುವುದರಿಂದ ಇಲ್ಲಿನ ಅಭ್ಯರ್ಥಿಗಳು ವಿಮಾನ ಹತ್ತದೆಯೇ ಪರೀಕ್ಷೆ ಮುಗಿಸಿಕೊಳ್ಳಬಹುದು.

ಪರೀಕ್ಷೆ ನಡೆಸುವವರು ಬೇರೆ, ಲೈಸೆನ್ಸ್ ಕೊಡುವವರು ಬೇರೆ. ಪ್ರಶ್ನೆಪತ್ರಿಕೆ ರೂಪಿಸುವುದು ಎನ್‌ಸಿಎಸ್‌ಬಿಎನ್ ಎಂಬ ರಾಷ್ಟ್ರೀಯ ಪರಿಷತ್ತು. ಕೇಂದ್ರಗಳಲ್ಲಿ ಅದನ್ನು ನಡೆಸುವುದು ಪಿಯರ್ಸನ್ ವ್ಯೂ ಕಂಪನಿ. ಅಭ್ಯರ್ಥಿಯ ಅರ್ಹತೆ ತೀರ್ಮಾನಿಸಿ ಲೈಸೆನ್ಸ್ ನೀಡುವ ಅಧಿಕಾರ ಇರುವುದು ಆಯಾ ರಾಜ್ಯದ ನರ್ಸಿಂಗ್ ಬೋರ್ಡಿಗೆ ಮಾತ್ರ. ಆದ್ದರಿಂದ ಎಲ್ಲಕ್ಕಿಂತ ಮೊದಲು ಯಾವ ರಾಜ್ಯಕ್ಕೆ ಅರ್ಜಿ ಎಂಬುದು ನಿರ್ಧಾರವಾಗಬೇಕು. ನಿಯಮಗಳು ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತವೆ. ಕ್ಯಾಲಿಫೋರ್ನಿಯಾ ಒಂದು ವಿಷಯದ ಪಾಠವನ್ನೂ ಅದರ ಆಸ್ಪತ್ರೆ ತರಬೇತಿಯನ್ನೂ ಒಂದೇ ಅವಧಿಯಲ್ಲಿ ಮುಗಿಸಿರಬೇಕೆಂದು ಕೇಳುತ್ತದೆ. ಥಿಯರಿ ಒಂದು ವರ್ಷ, ಪೋಸ್ಟಿಂಗ್ ಮುಂದಿನ ವರ್ಷ ಎಂಬಂತೆ ಓದಿದವರ ಅರ್ಜಿ ಅಲ್ಲಿ ಸಿಕ್ಕಿಕೊಳ್ಳಬಹುದು. ಫ್ಲೋರಿಡಾದಲ್ಲಿ ಮೂರು ಸಲ ಫೇಲಾದವರು ಬೋರ್ಡ್ ಒಪ್ಪಿದ ಮರುತರಬೇತಿ ಪಡೆಯದೆ ಮತ್ತೆ ಕೂರುವಂತಿಲ್ಲ. ಇವೆಲ್ಲ ಬೋರ್ಡಿನ ಅಧಿಕೃತ ಜಾಲತಾಣದಲ್ಲಿ ಓದಲು ಸಿಗುತ್ತವೆ. ಏಜೆಂಟರ ಮಾತನ್ನೇ ನಂಬಿಕೊಂಡು ರಾಜ್ಯ ಆರಿಸುವ ಅಗತ್ಯವಿಲ್ಲ.

ಸಿದ್ಧತೆ ಎಂದ ಕೂಡಲೇ ಪುಸ್ತಕ, ಕೋಚಿಂಗ್ ಎಂದುಕೊಳ್ಳುವವರೇ ಹೆಚ್ಚು. ತಿಂಗಳುಗಟ್ಟಲೆ ಹಿಡಿಯುವುದು ಕಾಗದಪತ್ರದ ಕೆಲಸ. ಹಲವು ಬೋರ್ಡುಗಳು ವಿದೇಶಿ ಪದವಿಯನ್ನು ಸಿಜಿಎಫ್‌ಎನ್‌ಎಸ್‌ನಂಥ (2025ರಿಂದ ಇದರ ಹೆಸರು ಟ್ರೂಮೆರಿಟ್) ಸಂಸ್ಥೆಯಿಂದ ಮೌಲ್ಯಮಾಪನ ಮಾಡಿಸಲು ಹೇಳುತ್ತವೆ. ಅದಕ್ಕೆ ಕಾಲೇಜು ಅಥವಾ ವಿಶ್ವವಿದ್ಯಾಲಯದ ಟ್ರಾನ್ಸ್‌ಕ್ರಿಪ್ಟ್ ಮತ್ತು ನರ್ಸಿಂಗ್ ಕೌನ್ಸಿಲ್‌ನ ದೃಢೀಕರಣ ಎರಡೂ ಬೇಕು. ಇವು ಅಭ್ಯರ್ಥಿಯ ಕೈ ಸೇರದೆ ನೇರವಾಗಿ ಸಂಸ್ಥೆಯಿಂದ ಸಂಸ್ಥೆಗೆ ಹೋಗಬೇಕು.

ಈ ಹಂತದಲ್ಲಿ ಕೆಲವು ಕಡೆ ಕೇಳಿಬರುವ ದೂರು ಮೂಲ ಅಂಕಪಟ್ಟಿಗಳದು. ಬಾಂಡ್ ಮುಗಿದಿಲ್ಲ, ಶುಲ್ಕ ಬಾಕಿ ಇದೆ ಎಂದು ಅವನ್ನು ಇಟ್ಟುಕೊಳ್ಳುವುದುಂಟು. ವಿಶ್ವವಿದ್ಯಾಲಯ ಅನುದಾನ ಆಯೋಗ 2018ರಲ್ಲಿ ಹೊರಡಿಸಿದ ಅಧಿಸೂಚನೆಯ ಪ್ರಕಾರ ಉನ್ನತ ಶಿಕ್ಷಣ ಸಂಸ್ಥೆಗಳು ಪ್ರವೇಶದ ವೇಳೆ ಮೂಲ ದಾಖಲೆಗಳನ್ನು ಪರಿಶೀಲಿಸಿ ಅಲ್ಲೇ ಹಿಂತಿರುಗಿಸಬೇಕು. ಇಟ್ಟುಕೊಳ್ಳುವಂತಿಲ್ಲ. ಬಾಕಿ ನಿಜವಿದ್ದರೂ ಅದನ್ನು ವಸೂಲಿ ಮಾಡಲು ಕಾನೂನಿನ ಬೇರೆ ದಾರಿಯಿದೆ. ಎಸ್ಸೆಸ್ಸೆಲ್ಸಿ ಕಾರ್ಡನ್ನು ಅಡವಿಟ್ಟುಕೊಂಡು ಮಾಡುವ ವಸೂಲಿ ಆ ದಾರಿಯಲ್ಲ. ಹಾಗೇನಾದರೂ ಆದರೆ ಪ್ರಾಂಶುಪಾಲರಿಗೆ ಲಿಖಿತ ಅರ್ಜಿ ಕೊಟ್ಟು, ಅದರ ಪ್ರತಿಗೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಬೇಕು. ಉತ್ತರ ಬಾರದಿದ್ದರೆ ಅದೇ ಪ್ರತಿಯೊಂದಿಗೆ ವಿಶ್ವವಿದ್ಯಾಲಯದ ಕುಲಸಚಿವರಿಗೆ ದೂರು ಕೊಡಬಹುದು.

ಟ್ರಾನ್ಸ್‌ಕ್ರಿಪ್ಟ್ ಅಥವಾ ದೃಢೀಕರಣದ ಅರ್ಜಿ ಮೇಜಿನ ಮೇಲೇ ಉಳಿದಾಗ ಮಾಹಿತಿ ಹಕ್ಕು ಕಾಯ್ದೆ, 2005 ನೆರವಿಗೆ ಬರುತ್ತದೆ. ರಾಜ್ಯ ವಿಶ್ವವಿದ್ಯಾಲಯವೂ ನರ್ಸಿಂಗ್ ಕೌನ್ಸಿಲ್ಲೂ ಕಾಯ್ದೆಯ ಮೂಲಕ ರಚನೆಯಾದ ಸಾರ್ವಜನಿಕ ಪ್ರಾಧಿಕಾರಗಳು. ಇಂಥ ದಿನ ಕೊಟ್ಟ ಅರ್ಜಿ ಈಗ ಯಾರ ಬಳಿ ಇದೆ, ಏನು ಕ್ರಮವಾಗಿದೆ, ವಿಲೇವಾರಿಗೆ ನಿಗದಿಯಾದ ಅವಧಿ ಎಷ್ಟು ಎಂದು ಹತ್ತು ರೂಪಾಯಿ ಶುಲ್ಕದೊಂದಿಗೆ ಕೇಳಬಹುದು. ಉತ್ತರಕ್ಕೆ 30 ದಿನಗಳ ಗಡುವಿದೆ. ಉತ್ತರ ಬಾರದಿದ್ದರೆ ಅಥವಾ ಒಪ್ಪಿಗೆಯಾಗದಿದ್ದರೆ ಮುಂದಿನ 30 ದಿನಗಳಲ್ಲಿ ಅದೇ ಕಚೇರಿಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ, ಆಮೇಲೆ 90 ದಿನಗಳೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೆಯದು. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ, ಸಾಮಾನ್ಯವಾಗಿ 150 ಪದಗಳೊಳಗೆ ಇರಬೇಕು. ಕಷ್ಟಸುಖವನ್ನೆಲ್ಲ ಬರೆದು ಕೊನೆಗೆ ಪ್ರಶ್ನೆಯನ್ನೇ ಮರೆಯುವ ಅರ್ಜಿಗಳಿಗೆ ಈ ಮಿತಿ ಒಳ್ಳೆಯ ಮದ್ದು.

ಹೆಸರಿನ ತೊಡಕು ಕನ್ನಡಿಗರಿಗೆ ವಿಶೇಷವಾಗಿ ಕಾಡುತ್ತದೆ. ಅಂಕಪಟ್ಟಿಯಲ್ಲಿ ಇನಿಶಿಯಲ್, ಪಾಸ್‌ಪೋರ್ಟಿನಲ್ಲಿ ಅದೇ ಇನಿಶಿಯಲ್ ಬಿಡಿಸಿದ ಊರಿನ ಹೆಸರು ಅಥವಾ ತಂದೆಯ ಹೆಸರು, ಕೌನ್ಸಿಲ್ ನೋಂದಣಿಯಲ್ಲಿ ಮದುವೆಯಾದ ಮೇಲೆ ಸೇರಿದ ಗಂಡನ ಹೆಸರು: ಹೀಗೆ ಒಬ್ಬರೇ ಮೂವರಾಗಿರುತ್ತಾರೆ. ಭಾರತದ ಕೇಂದ್ರಗಳಲ್ಲಿ ಎನ್‌ಕ್ಲೆಕ್ಸ್‌ಗೆ ಪಾಸ್‌ಪೋರ್ಟ್ ಬಿಟ್ಟು ಬೇರೆ ಗುರುತಿನ ಚೀಟಿ ನಡೆಯುವುದಿಲ್ಲ. ಆಧಾರ್ ತೋರಿಸಿದರೂ ಪ್ರಯೋಜನವಿಲ್ಲ. ಪರೀಕ್ಷೆಗೆ ನೋಂದಾಯಿಸಿದ ಹೆಸರು ಪಾಸ್‌ಪೋರ್ಟಿನ ಹೆಸರಿಗೆ ಹೊಂದದಿದ್ದರೆ ಒಳಗೆ ಬಿಡುವುದಿಲ್ಲ, ಕಟ್ಟಿದ ಶುಲ್ಕವೂ ಹೋಗುತ್ತದೆ. ಇನಿಶಿಯಲ್ ಬಿಡಿಸಿ ಬರೆದ ವ್ಯತ್ಯಾಸವಷ್ಟೇ ಇದ್ದರೆ ನೋಟರಿ ಮುಂದೆ ಮಾಡಿದ ಅಫಿಡವಿಟ್ ಸಾಮಾನ್ಯವಾಗಿ ಇಲ್ಲಿನ ಕಚೇರಿಗಳಿಗೆ ಸಾಕಾಗುತ್ತದೆ. ಹೆಸರೇ ಬದಲಾಗಿದ್ದರೆ ಗೆಜೆಟ್ ಪ್ರಕಟಣೆ ಮಾಡಿಸಿ, ಅದರ ಆಧಾರದ ಮೇಲೆ ಕೌನ್ಸಿಲ್ ದಾಖಲೆಯನ್ನೂ ಪಾಸ್‌ಪೋರ್ಟನ್ನೂ ಸರಿಪಡಿಸಿಕೊಳ್ಳುವುದು ಕ್ಷೇಮ. ಇದನ್ನು ವಿದೇಶಕ್ಕೆ ಮೊದಲ ಅರ್ಜಿ ಹಾಕುವ ಮುನ್ನವೇ ಮುಗಿಸಬೇಕು.

ಪರೀಕ್ಷೆಯ ನೋಂದಣಿ ಶುಲ್ಕ 200 ಡಾಲರ್. ಅಮೆರಿಕದ ಹೊರಗೆ ಬರೆಯುವವರಿಗೆ ಮೇಲೆ 150 ಡಾಲರ್. ಬೋರ್ಡಿನ ಅರ್ಜಿ ಶುಲ್ಕ ಬೇರೆ. ಬೋರ್ಡ್ ಅರ್ಹತೆ ಒಪ್ಪಿದ ಮೇಲೆ ಎಟಿಟಿ ಎಂಬ ಅನುಮತಿ ಪತ್ರ ಇಮೇಲಿನಲ್ಲಿ ಬರುತ್ತದೆ. ಅದರಲ್ಲಿರುವ ಅವಧಿಯೊಳಗೆ ಪರೀಕ್ಷೆ ಬರೆಯಲೇಬೇಕು, ವಿಸ್ತರಣೆ ಇಲ್ಲ. ಪರೀಕ್ಷೆ ಕಂಪ್ಯೂಟರಿನಲ್ಲಿ. ಗರಿಷ್ಠ ಐದು ಗಂಟೆ, ಕನಿಷ್ಠ 85, ಗರಿಷ್ಠ 150 ಪ್ರಶ್ನೆ. ಹಿಂದಿನ ಉತ್ತರ ನೋಡಿ ಮುಂದಿನ ಪ್ರಶ್ನೆಯ ಮಟ್ಟ ಬದಲಾಗುತ್ತದೆ. ಅಭ್ಯರ್ಥಿ ನಿಗದಿತ ಮಟ್ಟದ ಮೇಲಿದ್ದಾರೋ ಕೆಳಗಿದ್ದಾರೋ ಎಂಬುದು ಶೇ 95ರಷ್ಟು ಖಚಿತವಾದಾಗ ಕಂಪ್ಯೂಟರ್ ನಿಲ್ಲುತ್ತದೆ. ಹೀಗಾಗಿ 85ಕ್ಕೇ ನಿಂತಿತೆಂದು ಹಿಗ್ಗುವುದಕ್ಕೂ ಕುಗ್ಗುವುದಕ್ಕೂ ಕಾರಣವಿಲ್ಲ.

ಈ ಪರೀಕ್ಷೆಯಲ್ಲಿ ಅತಿ ದೊಡ್ಡ ಪಾಲು, ಶೇ 15ರಿಂದ 21ರವರೆಗೆ, ಆರೈಕೆಯ ನಿರ್ವಹಣೆ ಎಂಬ ಭಾಗಕ್ಕೆ. ಅದರ ತಿರುಳೇ ಕಾನೂನು: ರೋಗಿಯ ಹಕ್ಕು, ಸಮ್ಮತಿ, ಗೋಪ್ಯತೆ, ಕೆಲಸ ಹಂಚುವ ಹೊಣೆ. ಇಲ್ಲಿ ಚೆನ್ನಾಗಿ ಓದಿದವರೂ ಎಡವುವುದುಂಟು. ನಮ್ಮ ವಾರ್ಡುಗಳಲ್ಲಿ ರೋಗಿಯ ಕಾಯಿಲೆಯ ವಿಷಯ ಮೊದಲು ಮಗನಿಗೋ ಅಣ್ಣನಿಗೋ ತಿಳಿಯುತ್ತದೆ. ಮನೆಯವರು ಹೂಂ ಎಂದರೆ ಚಿಕಿತ್ಸೆ ನಡೆಯುತ್ತದೆ. ಅಮೆರಿಕದ ಕಾನೂನಿನಲ್ಲಿ ಸ್ವಸ್ಥ ಮನಸ್ಸಿನ ವಯಸ್ಕ ರೋಗಿಯ ಅನುಮತಿ ಇಲ್ಲದೆ ಗಂಡನಿಗೂ ವಿವರ ಹೇಳುವಂತಿಲ್ಲ. ಶಸ್ತ್ರಚಿಕಿತ್ಸೆಯ ಅಪಾಯಗಳನ್ನು ವಿವರಿಸಿ ಸಮ್ಮತಿ ಪಡೆಯುವುದು ವೈದ್ಯರ ಕರ್ತವ್ಯ, ನರ್ಸ್ ಸಹಿಗೆ ಸಾಕ್ಷಿ ಮಾತ್ರ. ರೋಗಿಗೆ ಅರ್ಥವಾಗಿಲ್ಲ ಎಂದು ಕಂಡರೆ ತಾನೇ ವಿವರಿಸಲು ಹೊರಡದೆ ವೈದ್ಯರನ್ನು ಕರೆಯುವುದು ಸರಿಯುತ್ತರ. ಮುಂದೆ ಮಾತಾಡಲಾಗದ ಸ್ಥಿತಿ ಬಂದರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ರೋಗಿ ಮೊದಲೇ ಬರೆದಿಟ್ಟ ನಿರ್ದೇಶನಕ್ಕೆ ಅಲ್ಲಿ ಬೆಲೆಯಿದೆ. 1990ರ ಫೆಡರಲ್ ಕಾಯ್ದೆಯ ಪ್ರಕಾರ ಆಸ್ಪತ್ರೆಗಳು ಆ ಹಕ್ಕನ್ನು ರೋಗಿಗೆ ತಿಳಿಸಬೇಕು. ಹೊಸದಾಗಿ ದಾಖಲಾದ ರೋಗಿಯ ಮೊದಲ ತಪಾಸಣೆಯನ್ನು ಸಹಾಯಕರಿಗೆ ಒಪ್ಪಿಸುವಂತಿಲ್ಲ ಎಂಬಂಥ ಕೆಲಸ ಹಂಚಿಕೆಯ ನಿಯಮಗಳನ್ನೂ ಇದೇ ಭಾಗ ಪರೀಕ್ಷಿಸುತ್ತದೆ.

ಫೇಲಾದವರಿಗೆ ಯಾವ ಭಾಗದಲ್ಲಿ ಮಟ್ಟಕ್ಕಿಂತ ಕೆಳಗಿದ್ದರು, ಯಾವುದರಲ್ಲಿ ಹತ್ತಿರವಿದ್ದರು ಎಂಬ ವರದಿ ಕೊಡುತ್ತಾರೆ. ಮತ್ತೆ ಬರೆಯಲು ಕನಿಷ್ಠ 45 ದಿನ ಕಾಯಬೇಕು, ಶುಲ್ಕ ಪುನಃ ಕಟ್ಟಬೇಕು.

ಪಾಸಾದರೂ ಸುಳ್ಳು ದಾಖಲೆ ಬೆನ್ನು ಬಿಡುವುದಿಲ್ಲ. 2023ರ ಜನವರಿಯಲ್ಲಿ ಅಮೆರಿಕದ ತನಿಖಾ ಸಂಸ್ಥೆಗಳು ಫ್ಲೋರಿಡಾದ ಮೂರು ನರ್ಸಿಂಗ್ ಶಾಲೆಗಳಿಂದ 7,600ಕ್ಕೂ ಹೆಚ್ಚು ನಕಲಿ ಡಿಪ್ಲೊಮಾ ಮಾರಾಟವಾದ ಪ್ರಕರಣವನ್ನು ಬಯಲಿಗೆಳೆದವು. 25 ಜನರ ಮೇಲೆ ಆರೋಪ ದಾಖಲಾಯಿತು. ಆ ಡಿಪ್ಲೊಮಾ ತೋರಿಸಿ ಎನ್‌ಕ್ಲೆಕ್ಸ್ ನಿಜವಾಗಿಯೇ ಪಾಸಾಗಿದ್ದವರ ಲೈಸೆನ್ಸಿನ ಮೇಲೂ ಹಲವು ರಾಜ್ಯಗಳ ಬೋರ್ಡುಗಳು ಕ್ರಮ ಕೈಗೊಂಡವು. ಅನುಭವ ಪತ್ರದಲ್ಲಿ ಎರಡು ವರ್ಷ ಸೇರಿಸಿಕೊಡುತ್ತೇವೆ ಎನ್ನುವವರಿಂದ ದೂರವಿರಲು ಇಷ್ಟು ಸಾಕು.

ಕೋಚಿಂಗ್ ಕೊಡುವುದಕ್ಕೂ ಉದ್ಯೋಗ ಕೊಡಿಸುವುದಕ್ಕೂ ಕಾನೂನಿನಲ್ಲಿ ವ್ಯತ್ಯಾಸವಿದೆ. ವಿದೇಶಿ ಉದ್ಯೋಗಕ್ಕೆ ಜನರನ್ನು ನೇಮಿಸುವವರು 1983ರ ವಲಸೆ ಕಾಯ್ದೆಯಡಿ ನೋಂದಾಯಿತರಾಗಿರಬೇಕು. ನೋಂದಣಿ ಇಲ್ಲದೆ ಆ ಕೆಲಸ ಮಾಡುವುದು ಎರಡು ವರ್ಷದವರೆಗೆ ಸೆರೆವಾಸ ವಿಧಿಸಬಹುದಾದ ಅಪರಾಧ. ನೋಂದಾಯಿತ ಏಜೆಂಟ್ ಕೂಡ ಸೇವಾಶುಲ್ಕವಾಗಿ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿಗಿಂತ ಹೆಚ್ಚು ಪಡೆಯುವಂತಿಲ್ಲ. ಪಡೆದ ಹಣಕ್ಕೆ ರಸೀದಿ ಕೊಡಬೇಕು. ಏಜೆಂಟರ ನೋಂದಣಿ ಸಂಖ್ಯೆಯನ್ನು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು.

ಅಮೆರಿಕದ ಉದ್ಯೋಗದಾತರ ಜೊತೆ ಮಾಡಿಕೊಳ್ಳುವ ಕರಾರಿನಲ್ಲಿ, ಅವಧಿಗೆ ಮುನ್ನ ಬಿಟ್ಟರೆ ಎಷ್ಟು ಹಣ ಕಟ್ಟಬೇಕು ಎಂಬ ಸಾಲನ್ನು ಎರಡೆರಡು ಸಲ ಓದಬೇಕು. ಫಿಲಿಪೈನ್ಸಿನಿಂದ ಹೋದ ನರ್ಸುಗಳ ಪ್ರಕರಣವೊಂದರಲ್ಲಿ ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯ 2019ರಲ್ಲಿ ಇಂಥ 25,000 ಡಾಲರಿನ ಷರತ್ತು ಬಲವಂತದ ದುಡಿಮೆಯನ್ನು ನಿಷೇಧಿಸುವ ಕಾನೂನಿಗೆ ವಿರುದ್ಧವೆಂದು ತೀರ್ಪಿತ್ತಿತು. ಭಾರತದಲ್ಲಿ ಒಪ್ಪಂದ ಕಾಯ್ದೆಯ 74ನೇ ಕಲಮು, ಕರಾರಿನಲ್ಲಿ ಎಷ್ಟೇ ಮೊತ್ತ ಬರೆದಿರಲಿ, ನ್ಯಾಯೋಚಿತ ಪರಿಹಾರವನ್ನಷ್ಟೇ ಕೊಡಿಸುತ್ತದೆ.

‘ನೂರಕ್ಕೆ ನೂರು ಪಾಸ್’ ಎಂದು ಜಾಹೀರಾತು ಕೊಟ್ಟು ಪಾಠ ನಡೆಸದ, ಹಣ ವಾಪಸು ಕೊಡದ ಕೋಚಿಂಗ್ ಕೇಂದ್ರದ ವಿರುದ್ಧ ಮೊದಲು 1915 ಸಹಾಯವಾಣಿಗೆ ದೂರು ಹೇಳಬಹುದು. ಅಲ್ಲಿ ಬಗೆಹರಿಯದಿದ್ದರೆ ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರಡಿ ಅಭ್ಯರ್ಥಿ ವಾಸಿಸುವ ಜಿಲ್ಲೆಯ ಆಯೋಗಕ್ಕೇ ಹೋಗಬಹುದು. ಕೊಟ್ಟ ಹಣ ಐದು ಲಕ್ಷ ರೂಪಾಯಿ ಮೀರದಿದ್ದರೆ ದೂರಿಗೆ ಶುಲ್ಕವಿಲ್ಲ, ವಕೀಲರನ್ನು ಇಟ್ಟುಕೊಳ್ಳಲೇಬೇಕೆಂಬ ಕಡ್ಡಾಯವೂ ಇಲ್ಲ. ಆನ್‌ಲೈನಿನಲ್ಲಿ ಹಣ ಕಟ್ಟಿಸಿಕೊಂಡು ಫೋನ್ ಆಫ್ ಮಾಡಿದವರ ವಿಷಯದಲ್ಲಿ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಎಷ್ಟು ಬೇಗ ಮಾಡಿದರೆ ಖಾತೆಯಲ್ಲಿ ಹಣ ತಡೆಹಿಡಿಯುವ ಸಾಧ್ಯತೆ ಅಷ್ಟು ಹೆಚ್ಚು. ಗ್ರಾಹಕ ಆಯೋಗಕ್ಕೆ ದೂರು ಸಲ್ಲಿಸಲು ಇರುವ ಕಾಲಮಿತಿ, ತೊಂದರೆ ಉಂಟಾದ ದಿನದಿಂದ ಎರಡು ವರ್ಷ.